ಬಲಗಣ್ಣಿನ ಕೆಲಸವನ್ನು ಕತ್ತು ಮಾಡುತ್ತಿತ್ತು

ಗಣಿತದ ಉತ್ತರಪತ್ರಿಕೆ ತಿದ್ದುವವನ ಕಣ್ಣಿಗೆ ಕಳೆಯುವ ಚಿಹ್ನೆಯೇ ಸಮಚಿಹ್ನೆಯಾಗಿ ಕಾಣತೊಡಗಿದರೆ ಅವನು ಅಂಕ ಕೊಡುವುದಾದರೂ ಹೇಗೆ? ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ನಲವತ್ತು ದಾಟಿದ ಮೇಲೆ ಬಂದೊದಗಿದ್ದು ಇಂಥ ಪಾಡು. ಬೆಳಗಿನ ಹೊತ್ತು ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಸಂಜೆ ದಣಿದು ಕೂತು, ಮೇಜಿನ ಎಡಬದಿಯಲ್ಲಿಟ್ಟ ಕಟ್ಟಿನತ್ತ ಕಣ್ಣಿಳಿಸಿದರೆ ಪ್ರತಿಯೊಂದು ಅಡ್ಡಗೆರೆಯ ಕೆಳಗೂ ಅದರದೇ ಇನ್ನೊಂದು ಗೆರೆ ಮೂಡುತ್ತಿತ್ತು. ಭಿನ್ನರಾಶಿಗೆ ಎರಡು ಗೆರೆ ಬೀಳುತ್ತಿದ್ದವು, ಒಂದು ಸಾಲಿನ ಅಂಕಿಗಳು ಕೆಳಗಿನ ಸಾಲಿನ ಅಂಕಿಗಳ ಮೇಲೆ ಹೋಗಿ ಕೂರುತ್ತಿದ್ದವು. ಒಂದು ಕಣ್ಣು ಮುಚ್ಚಿಕೊಂಡರೆ ಸಾಕು, ಅದು ಯಾವ ಕಣ್ಣೇ ಆಗಿರಲಿ, ಎರಡನೆಯ ಗೆರೆ ಮಾಯವಾಗುತ್ತಿತ್ತು. ಹೀಗಾಗಿ ಎಡಗೈಯಿಂದ ಒಂದು ಕಣ್ಣು ಮುಚ್ಚಿಕೊಂಡೇ ತಿದ್ದುವ ಅಭ್ಯಾಸವಾಗಿಹೋಯಿತು. ಸಹೋದ್ಯೋಗಿಗಳು ತಲೆನೋವೆಂದು ತಿಳಿದು ಮಾತ್ರೆ ಹಿಡಿದು ಬರುತ್ತಿದ್ದರು.

ಆದರೆ ನನ್ನನ್ನು ನಿಜಕ್ಕೂ ಹೆದರಿಸಿದ್ದು ವಿಶ್ವೇಶ್ವರಯ್ಯ ನಾಲೆಯ ಏರಿ. ನಮ್ಮೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ದೂರ ಬೈಕು ಆ ಏರಿಯ ಮೇಲೆಯೇ ಸಾಗಬೇಕು, ಹೋಗುವಾಗ ನೀರು ಎಡಕ್ಕಿರುತ್ತದೆ. ಒಂದು ಸಂಜೆ ಎದುರಿನಿಂದ ಕಬ್ಬಿನ ಟ್ರಾಕ್ಟರು ಬಂತೆಂದು ಎಡಕ್ಕೆ ಸರಿದು ಕೆಳಗೆ ನೋಡಿದಾಗ ಏರಿಯ ಅಂಚು ಒಂದರ ಕೆಳಗೊಂದು ಎರಡಾಗಿ ಕಂಡಿತು. ಯಾವ ಅಂಚನ್ನು ನಂಬಬೇಕೆಂದು ತೋಚದೆ, ಟ್ರಾಕ್ಟರು ದಾಟಿಹೋಗುವ ತನಕ ಅಲ್ಲಿಯೇ ಕಾಲೂರಿ ನಿಂತುಕೊಂಡೆ. ಅಂದಿನಿಂದ ಬೈಕಿನ ಕೀಲಿಕೈ ಹೆಂಡತಿಯ ವಶವಾಯಿತು.

ಚಾಳೀಸು ಬಂದಿರಬೇಕೆಂದುಕೊಂಡು ಪೇಟೆಯಲ್ಲಿ ಕಣ್ಣು ತೋರಿಸಿ, ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ಪವರ್ ಇರುವ ಪ್ರೋಗ್ರೆಸ್ಸಿವ್ ಕನ್ನಡಕವನ್ನು ಸಾಕಷ್ಟು ಹಣ ತೆತ್ತು ಮಾಡಿಸಿಕೊಂಡೆ. ಅಕ್ಷರಗಳೇನೋ ಸ್ಪಷ್ಟವಾದವು, ಎರಡೆರಡಾಗಿ ಸ್ಪಷ್ಟವಾದವು. ಅದರ ಕಾರಣ ಆಮೇಲೆ ತಿಳಿಯಿತು: ಆ ಬಗೆಯ ಗಾಜಿನಲ್ಲಿ ಓದುವ ಪವರ್ ಇರುವುದು ಕೆಳಭಾಗದಲ್ಲಿ, ಅದರ ಮೂಲಕ ನೋಡಬೇಕಾದರೆ ತಲೆಯನ್ನು ಬಗ್ಗಿಸದೆ ಕಣ್ಣನ್ನು ಮಾತ್ರ ಇಳಿಸಬೇಕು, ನನ್ನ ಕಣ್ಣು ಸೋಲುತ್ತಿದ್ದುದು ಸರಿಯಾಗಿ ಆ ನೋಟದಲ್ಲಿಯೇ.

ಮಂಡ್ಯದ ಕಣ್ಣಿನ ವೈದ್ಯರು ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಎಲ್ಲವನ್ನೂ ಪರೀಕ್ಷೆ ಮಾಡಿಸಿದರು. ಒಂದು ಕಣ್ಣು ಮುಚ್ಚಿದಾಗಲೂ ಎರಡಾಗಿ ಕಂಡರೆ ದೋಷ ಆ ಕಣ್ಣಿನ ಒಳಗೇ ಇರುತ್ತದೆ, ಮುಚ್ಚಿದೊಡನೆ ಒಂದಾದರೆ ದೋಷ ಎರಡು ಕಣ್ಣುಗಳ ಹೊಂದಾಣಿಕೆಯಲ್ಲಿ ಇರುತ್ತದೆ ಎಂದು ತಿಳಿಸಿ, ಮೈಸೂರಿನಲ್ಲಿ ಮೆಳ್ಳೆಗಣ್ಣಿನ ಚಿಕಿತ್ಸೆಯಲ್ಲಿ ಪಳಗಿದ ವೈದ್ಯೆಯೊಬ್ಬರಿಗೆ ಚೀಟಿ ಬರೆದುಕೊಟ್ಟರು. ನನಗೆ ಮೆಳ್ಳೆಗಣ್ಣಿದೆ ಎಂದು ಅಲ್ಲಿಯವರೆಗೆ ಒಬ್ಬರೂ ಹೇಳಿದ್ದಿಲ್ಲ. ತರಗತಿಯ ಮಕ್ಕಳು ಸಹ ನನಗೆ ಆ ಅಡ್ಡಹೆಸರನ್ನು ಇಟ್ಟಿರಲಿಲ್ಲ, ಮಕ್ಕಳ ಕಣ್ಣಿಗೆ ಅಂಥದ್ದು ತಪ್ಪುವುದೂ ಇಲ್ಲ.

ಮೈಸೂರಿನ ವೈದ್ಯೆ ನಾನು ಒಳಗೆ ಬಂದು ಕೂರುವಷ್ಟರಲ್ಲಿಯೇ ಕೇಳಿದ ಮೊದಲ ಪ್ರಶ್ನೆ ಕಣ್ಣಿನ ವಿಚಾರವಾಗಿರಲಿಲ್ಲ. "ಮೇಷ್ಟ್ರೇ, ಕತ್ತು ಯಾವಾಗಿನಿಂದ ಹೀಗೆ ಎಡಕ್ಕೆ ವಾಲಿಸ್ತೀರಿ?" ಎಂದರು. ನಾನು ನೆಟ್ಟಗೇ ಕೂತಿದ್ದೇನೆಂದು ತಿಳಿದಿದ್ದೆ. ಜೊತೆಯಲ್ಲಿದ್ದ ಹೆಂಡತಿಯ ಮುಖ ನೋಡಿದರೆ ಅವಳು ತಲೆಯಾಡಿಸಿ, "ಮೊದಲಿನಿಂದಲೂ ಹಾಗೇ ಅಲ್ವೇನ್ರೀ ನೀವು" ಎಂದುಬಿಟ್ಟಳು. ಮುಂದಿನ ಸಲ ಬರುವಾಗ ಹಳೆಯ ಫೋಟೋಗಳನ್ನೆಲ್ಲ ತರಬೇಕೆಂದು ವೈದ್ಯೆ ಹೇಳಿ ಕಳಿಸಿದರು.

ಊರಿಗೆ ಹೋಗಿ ಪೆಟ್ಟಿಗೆ ತೆಗೆಸಿದೆ. ಅವ್ವ ಒಂದೊಂದೇ ಫೋಟೋವನ್ನು ಸೆರಗಿನಿಂದ ಒರೆಸಿ ಕೊಡುತ್ತ, "ಕೂರಕ್ ಬಂದಾಗಿಂದ್ಲೂ ಹಂಗೇ ಕಣಪ್ಪ ನೀನು. ನಿಮ್ಮಜ್ಜಿ ಹರಳೆಣ್ಣೆ ಹಚ್ಚಿ ಕತ್ತು ನೀವಿ ನೀವಿ ಸಾಕಾದ್ಲು. ಮಲಿಕ್ಕಂಡಾಗ ಮಾತ್ರ ನೆಟ್ಟಗಿರ್ತಿತ್ತು" ಎಂದಳು. ಈ ಮಾತನ್ನು ಹೇಳಿದಾಗ ವೈದ್ಯೆ ಅದನ್ನು ನನ್ನ ಕಡತದಲ್ಲಿ ಬರೆದುಕೊಂಡರು. ಕತ್ತಿನ ಸ್ನಾಯುವಿನದೇ ದೋಷವಾಗಿದ್ದರೆ ಮಲಗಿದಾಗಲೂ ವಾಲಿರುತ್ತಿತ್ತು, ಕಣ್ಣಿನಿಂದ ಬಂದ ವಾಲುವಿಕೆಯು ಮಗು ಎದ್ದು ಕೂತು ಎರಡು ಕಣ್ಣುಗಳನ್ನೂ ಕೂಡಿಸಿ ನೋಡಲು ಕಲಿಯುವ ಹೊತ್ತಿಗೆ ಮೊದಲಾಗುತ್ತದೆ ಎಂದರು. ಶಾಲೆಯ ಗುಂಪು ಫೋಟೋ, ಬಿ.ಎಡ್. ಪ್ರವೇಶಪತ್ರದ ಫೋಟೋ, ಎಲ್ಲದರಲ್ಲಿಯೂ ನನ್ನ ತಲೆ ಎಡಭುಜದತ್ತ ಬಾಗಿತ್ತು. ಮದುವೆಯ ಆಲ್ಬಮ್ಮಿನಲ್ಲಿ ಒಂದೇ ಒಂದು ಚಿತ್ರದಲ್ಲಿ ಕತ್ತು ನೆಟ್ಟಗಿತ್ತು. ಧಾರೆಯ ಹೊತ್ತಿನಲ್ಲಿ ಫೋಟೋದವರು ಬಂದು ಗಲ್ಲ ಹಿಡಿದು ಸರಿಮಾಡಿ ಹೋದದ್ದು ನೆನಪಿದೆ. ವೈದ್ಯೆ ಆ ಚಿತ್ರವನ್ನು ಭೂತಗನ್ನಡಿಯ ಕೆಳಗಿಟ್ಟು ತೋರಿಸಿದರು. ಅದರಲ್ಲಿ ಬಲಗಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ತುಸು ಮೇಲಿತ್ತು. ಆಮೇಲೆ ಕನ್ನಡಿಯ ಮುಂದೆ ಕೂರಿಸಿ ಇನ್ನೊಂದು ಸಂಗತಿಯನ್ನು ತೋರಿಸಿದರು: ಎರಡು ಕಣ್ಣುಗಳನ್ನು ಸೇರಿಸುವ ಗೆರೆಯೂ ತುಟಿಯ ಗೆರೆಯೂ ಸಮಾನಾಂತರವಾಗಿರಬೇಕು, ನನ್ನ ಮುಖದಲ್ಲಿ ಅವು ಎಡಗಡೆಗೆ ಒಂದನ್ನೊಂದು ಸಮೀಪಿಸುತ್ತಿದ್ದವು. ಎಳವೆಯಿಂದ ಒಂದೇ ಕಡೆಗೆ ವಾಲಿಸಿದವರಲ್ಲಿ ಆ ಕಡೆಯ ಕೆನ್ನೆ ತುಸು ಕಡಿಮೆ ಬೆಳೆಯುತ್ತದೆಯಂತೆ. ರೇಖಾಗಣಿತ ಕಲಿಸುತ್ತ ಇಷ್ಟು ವರ್ಷ ಕನ್ನಡಿ ನೋಡಿದವನಿಗೆ ಇದು ಕಂಡಿರಲೇ ಇಲ್ಲ.

ಪರೀಕ್ಷೆಗಳಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಮೂರು ಹೆಜ್ಜೆಗಳ ಒಂದು ತರ್ಕ. ಅಮೆರಿಕದ ಮಾರ್ಷಲ್ ಪಾರ್ಕ್ಸ್ ಎಂಬ ನೇತ್ರವೈದ್ಯರು 1958ರಲ್ಲಿ ಅದನ್ನು ಕ್ರಮಬದ್ಧವಾಗಿ ಹೇಳಿದವರು. ನೇರ ನೋಡುವಾಗ ಯಾವ ಕಣ್ಣು ಮೇಲಿದೆ, ಎಡಕ್ಕೆ ನೋಡಿದರೆ ಅಂತರ ಹೆಚ್ಚುತ್ತದೆಯೋ ಬಲಕ್ಕೆ ನೋಡಿದರೋ, ತಲೆಯನ್ನು ಯಾವ ಭುಜಕ್ಕೆ ವಾಲಿಸಿದರೆ ಹೆಚ್ಚುತ್ತದೆ ಎಂಬ ಮೂರು ಪ್ರಶ್ನೆಗಳು. ಕಣ್ಣನ್ನು ಮೇಲೆ ಕೆಳಗೆ ಆಡಿಸುವ ಸ್ನಾಯುಗಳು ಎರಡೂ ಕಣ್ಣು ಸೇರಿ ಎಂಟು. ಮೊದಲ ಉತ್ತರಕ್ಕೆ ಅವುಗಳಲ್ಲಿ ನಾಲ್ಕು ಉಳಿಯುತ್ತವೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು. ನನ್ನ ಉತ್ತರಗಳು ಬಲಗಣ್ಣು ಮೇಲೆ, ಎಡನೋಟದಲ್ಲಿ ಹೆಚ್ಚು, ಬಲಭುಜಕ್ಕೆ ವಾಲಿಸಿದಾಗ ಹೆಚ್ಚು ಎಂದು ಬಂದು, ಉಳಿದದ್ದು ಬಲಗಣ್ಣಿನ ಮೇಲಿನ ಓರೆಸ್ನಾಯು. ಬಲಕ್ಕೆ ವಾಲಿಸಿದಾಗ ಎದುರಿನ ಗೋಡೆಯ ದೀಪ ಒಂದರಿಂದೊಂದು ಕಳಚಿಕೊಂಡು ಎರಡಾಗಿ ದೂರ ಸರಿಯಿತು. ಎಡಕ್ಕೆ ವಾಲಿಸಿದೊಡನೆ ಮತ್ತೆ ಕೂಡಿಕೊಂಡಿತು. ತಲೆ ಬಲಕ್ಕೆ ವಾಲಿದಾಗ ಬಲಗಣ್ಣು ಒಳಮುಖವಾಗಿ ತಿರುಚಿಕೊಳ್ಳಬೇಕಾಗುತ್ತದೆ, ಆ ಕೆಲಸವನ್ನು ಮೇಲಿನ ಓರೆಸ್ನಾಯುವೂ ಮೇಲಿನ ನೇರಸ್ನಾಯುವೂ ಕೂಡಿ ಮಾಡುತ್ತವೆ, ಮೊದಲನೆಯ ಸ್ನಾಯು ಕಣ್ಣನ್ನು ಕೆಳಕ್ಕೆಳೆದರೆ ಎರಡನೆಯದು ಮೇಲಕ್ಕೆಳೆಯುವುದರಿಂದ ಕಣ್ಣು ಇದ್ದಲ್ಲೇ ಇರುತ್ತದೆ. ಓರೆಸ್ನಾಯು ಬಲಹೀನವಾಗಿದ್ದರೆ ನೇರಸ್ನಾಯುವಿನ ಎಳೆತಕ್ಕೆ ತಡೆಯಿಲ್ಲದೆ ಕಣ್ಣು ಮೇಲೇರುತ್ತದೆ. ಆ ಕೆಲಸವೇ ಬೀಳದ ಹಾಗೆ ತಲೆಯನ್ನು ಎಡಕ್ಕೆ ಹಿಡಿಯುವುದನ್ನು ನಾನು ಹಸುಗೂಸಾಗಿದ್ದಾಗಲೇ ಕಂಡುಕೊಂಡಿದ್ದೆ.

ಅಂತರವನ್ನು ಅಳೆದದ್ದು ಪ್ರಿಸಂ ಗಾಜುಗಳಿಂದ. ಒಂದು ಮೀಟರು ದೂರದಲ್ಲಿ ಬೆಳಕನ್ನು ಒಂದು ಸೆಂಟಿಮೀಟರು ಸರಿಸಿದರೆ ಅದು 1 ಪ್ರಿಸಂ ಡಯಾಪ್ಟರ್. ನನಗೆ ನೇರ ನೋಟದಲ್ಲಿ 14, ಎಡನೋಟದಲ್ಲಿ 22, ಬಲನೋಟದಲ್ಲಿ 6 ಇತ್ತು. ಮೇಲೆ ಕೆಳಗಾದ ಎರಡು ಚಿತ್ರಗಳನ್ನು ಸಾಮಾನ್ಯ ಜನರ ಮಿದುಳು 2 ಅಥವಾ 3 ಡಯಾಪ್ಟರಿನವರೆಗೆ ಮಾತ್ರ ಕೂಡಿಸಬಲ್ಲದು. ನನ್ನದು ಹತ್ತಕ್ಕೂ ಮೀರಿ ಕೂಡಿಸುತ್ತಿತ್ತು. ಎರಡನೆಯ ಚಿತ್ರ ವಾಲಿಕೊಂಡಿದೆಯೇ ಎಂದು ಕೇಳಿದರು, ಇಲ್ಲವೆಂದೆ. ಆದರೂ ಅಕ್ಷಿಪಟಲದ ಫೋಟೋದಲ್ಲಿ ಬಲಗಣ್ಣು ಹೊರಕ್ಕೆ ತಿರುಚಿಕೊಂಡಿದ್ದು ಕಾಣುತ್ತಿತ್ತು. ಇವೆಲ್ಲ ಹುಟ್ಟಿನಿಂದ ಬಂದ ದೋಷದ ಗುರುತುಗಳೆಂದೂ, ಇಷ್ಟು ವರ್ಷ ತೂಗಿಸಿಕೊಂಡು ಬಂದ ಮಿದುಳಿಗೆ ಈಗ ಆ ಶಕ್ತಿ ಕುಂದುತ್ತಿದೆಯೆಂದೂ ತಿಳಿದಾಗ, ತಲೆಯೊಳಗೆ ಗಡ್ಡೆಯೋ ಪಾರ್ಶ್ವವಾಯುವೋ ಎಂಬ ಅಂಜಿಕೆ ಬಿಟ್ಟುಹೋಯಿತು.

ನನಗೆ ಅರ್ಥವಾಗಲು ಕಷ್ಟವಾದದ್ದು ಇದರ ಮುಂದಿನ ಮಾತು. ದೋಷವಿರುವುದು ಮೇಲಿನ ಓರೆಸ್ನಾಯುವಿನಲ್ಲಿ, ಆದರೆ ಕತ್ತರಿ ಬೀಳುವುದು ಕೆಳಗಿನ ಓರೆಸ್ನಾಯುವಿಗೆ. ಚೆನ್ನಾಗಿರುವುದನ್ನು ಏಕೆ ಮುಟ್ಟಬೇಕೆಂದು ಕೇಳಿದೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಸೊರಗಿದರೆ ಇನ್ನೊಂದು ಗಾಡಿಯನ್ನು ತನ್ನ ಕಡೆಗೆ ಎಳೆದುಕೊಂಡು ಹೋಗುತ್ತದಲ್ಲ, ಹಾಗೆ ಎದುರಾಳಿಯ ತಡೆಯಿಲ್ಲದ ಕೆಳಗಿನ ಓರೆಸ್ನಾಯು ಮಿತಿಮೀರಿ ದುಡಿದು, ಬಿಗಿದುಕೊಂಡು, ಎಡಕ್ಕೆ ನೋಡಿದಾಗಲೆಲ್ಲ ಬಲಗಣ್ಣನ್ನು ಮೂಗಿನತ್ತ ಮೇಲಕ್ಕೆ ಹಾರಿಸುತ್ತದೆ. ಸೊರಗಿದ್ದಕ್ಕೆ ಬಲ ತುಂಬುವ ಮದ್ದಾಗಲಿ ವ್ಯಾಯಾಮವಾಗಲಿ ಇಲ್ಲ. ಬಲಿತದ್ದನ್ನು ಸಡಿಲಿಸಬಹುದು. ಅದೂ ಅಲ್ಲದೆ ಈ ಸ್ನಾಯುವಿಗೆ ಒಂದು ವಿಶೇಷವಿದೆ: ಎಷ್ಟು ಅತಿಯಾಗಿ ಎಳೆಯುತ್ತಿತ್ತೋ ಸಡಿಲಿಸಿದಾಗ ಅಷ್ಟೇ ಹೆಚ್ಚು ಫಲ ಕೊಡುತ್ತದೆ, ನೇರ ನೋಟದಲ್ಲಿ ಸುಮಾರು 10ರಿಂದ 15 ಡಯಾಪ್ಟರಿನ ಅಂತರವನ್ನು ಅದೊಂದೇ ಸರಿಪಡಿಸಬಲ್ಲದು. ನನ್ನ 14 ಆ ಮಿತಿಯೊಳಗಿತ್ತು.

ಕತ್ತರಿಯಿಲ್ಲದ ದಾರಿಯನ್ನೂ ನೋಡಿದ್ದಾಯಿತು. ಕನ್ನಡಕದ ಬಲಗಾಜಿಗೆ ಫ್ರೆನೆಲ್ ಎಂಬ ತೆಳು ಪ್ರಿಸಂ ಹಾಳೆಯನ್ನು ಅಂಟಿಸಿ ಕೊಟ್ಟರು. ನೇರ ನೋಡಿದರೆ ಎಲ್ಲವೂ ಒಂದಾಗುತ್ತಿತ್ತು, ಎಡಕ್ಕೆ ಹೊರಳಿದರೆ ಸಾಲದಾಗುತ್ತಿತ್ತು, ಬಲಕ್ಕೆ ಹೊರಳಿದರೆ ಹೆಚ್ಚಾಗುತ್ತಿತ್ತು. ಅಂತರವೇ ನೋಟದೊಂದಿಗೆ ಬದಲಾಗುತ್ತಿರುವಾಗ ಒಂದೇ ಅಳತೆಯ ಪ್ರಿಸಂ ಹೇಗೆ ಹೊಂದೀತು? ಕರಿಹಲಗೆಯ ಈ ತುದಿಯಿಂದ ಆ ತುದಿಗೆ ಬರೆಯುವ ನನ್ನ ವೃತ್ತಿಗೆ ಅದು ಒಗ್ಗಲಿಲ್ಲ.

ಶಸ್ತ್ರಚಿಕಿತ್ಸೆಯ ಸುದ್ದಿ ಮನೆ ತಲುಪಿದಾಗ ಎದ್ದ ಮಾತುಗಳನ್ನು ಇಲ್ಲಿ ಉದ್ದಕ್ಕೆ ಬರೆಯುವುದಿಲ್ಲ. ಮೆಳ್ಳೆಗಣ್ಣು ಅದೃಷ್ಟ, ತೆಗೆಸಬಾರದು ಎಂದು ಚಿಕ್ಕಪ್ಪ. ಕಣ್ಣುಗುಡ್ಡೆಯನ್ನು ಕಿತ್ತು ತಟ್ಟೆಯಲ್ಲಿಟ್ಟು ಹೊಲಿದು ಮತ್ತೆ ಕೂರಿಸುತ್ತಾರೆ ಎಂದು ನೆರೆಮನೆಯವರು. ಈ ಎರಡನೆಯ ಕಲ್ಪನೆ ನಮ್ಮ ಕಡೆ ಎಷ್ಟು ಬೇರೂರಿದೆಯೆಂದರೆ ವೈದ್ಯೆಯೇ ಕೇಳುವ ಮೊದಲು ಉತ್ತರ ಹೇಳಿದರು: ಕಣ್ಣು ಗೂಡಿನಿಂದ ಹೊರಗೆ ಬರುವುದೂ ಇಲ್ಲ, ಕಣ್ಣಿನ ಒಳಭಾಗವನ್ನು ತೆರೆಯುವುದೂ ಇಲ್ಲ, ಕೆಳರೆಪ್ಪೆಯ ಹೊರಮೂಲೆಯ ಮಡಿಕೆಯಲ್ಲಿ ಬಿಳಿಗುಡ್ಡೆಯ ಮೇಲಿನ ತೆಳುಪೊರೆಯನ್ನಷ್ಟೇ ಸೀಳುತ್ತಾರೆ. ನನ್ನ ವಿಮೆಯವರು ಇದನ್ನು ಸೌಂದರ್ಯಕ್ಕಾಗಿ ಮಾಡಿಸುವ ಚಿಕಿತ್ಸೆಯೆಂದು ಒಮ್ಮೆ ತಳ್ಳಿಹಾಕಿದರು. ಎರಡಾಗಿ ಕಾಣುವುದರಿಂದ ವಾಹನ ನಡೆಸಲಾಗದು, ಓದಲಾಗದು ಎಂದು ಅಳತೆಗಳ ಸಮೇತ ವೈದ್ಯೆ ಬರೆದ ಪತ್ರ ಹೋದ ಮೇಲೆ ಒಪ್ಪಿದರು. ಈ ಪತ್ರವನ್ನು ಮೊದಲೇ ಕೇಳಿ ಪಡೆಯುವುದು ಒಳ್ಳೆಯದು.

ಒಪ್ಪಿಗೆಯ ಹಾಳೆಗೆ ಸಹಿ ಹಾಕುವ ಮೊದಲು ಅಪಾಯಗಳನ್ನೂ ಹೇಳಿದರು. ಸರಿಪಡಿಕೆ ಕಡಿಮೆಯಾಗಬಹುದು, ಹೆಚ್ಚಾಗಬಹುದು, ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸೋಂಕು, ರಕ್ತಸ್ರಾವ ಅಪರೂಪ. ಸೂಜಿ ಬಿಳಿಗುಡ್ಡೆಯ ಆಳಕ್ಕಿಳಿಯುವುದು ಅದಕ್ಕಿಂತ ಅಪರೂಪ, ಆದರೆ ಈ ಸ್ನಾಯು ಅಂಟಿಕೊಂಡಿರುವ ಜಾಗದ ನೇರ ಒಳಗೆ ನೋಟದ ಕೇಂದ್ರವೇ ಇರುವುದರಿಂದ ಎಚ್ಚರ ಬೇಕು. ಸೊರಗಿದ ಸ್ನಾಯುವನ್ನು ಕಣ್ಣುಗುಡ್ಡೆಗೆ ಜೋಡಿಸುವ ಸ್ನಾಯುರಜ್ಜು ತೀರಾ ಸಡಿಲವಾಗಿದ್ದರೆ ಅದನ್ನು ಮಡಿಚಿ ಬಿಗಿಗೊಳಿಸುವ ಯೋಚನೆಯೂ ಇತ್ತು. ಹೆಚ್ಚು ಬಿಗಿದರೆ ಕಣ್ಣು ಮೂಗಿನ ಕಡೆ ಮೇಲೇರಲಾರದೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು, ಅದರ ತೀರ್ಮಾನವನ್ನು ಅರಿವಳಿಕೆಯ ನಂತರ ಕಣ್ಣನ್ನು ಹಿಡಿದು ಆಡಿಸಿ ನೋಡಿ ಅಲ್ಲಿಯೇ ಮಾಡುವುದಾಗಿ ಹೇಳಿದರು. ಹಾಗೆ ಖಚಿತವಿಲ್ಲದ್ದನ್ನು ಖಚಿತವಿಲ್ಲವೆಂದೇ ಹೇಳಿದ್ದರಿಂದ ನನಗೆ ಅವರ ಮೇಲೆ ನಂಬಿಕೆ ಹೆಚ್ಚಿತು.

ಅರಿವಳಿಕೆಯ ವೈದ್ಯರು ಹಿಂದಿನ ದಿನ ಬಂದು ಇಸಿಜಿ ನೋಡಿ ಒಂದು ಕುತೂಹಲದ ವಿಷಯ ಹೇಳಿದರು. ಕಣ್ಣಿನ ಸ್ನಾಯುವನ್ನು ಎಳೆದರೆ ಹೃದಯದ ಬಡಿತ ಇಳಿಯುತ್ತದೆ. ಮುಖದ ಸಂವೇದನೆಯನ್ನು ಒಯ್ಯುವ ನರವೂ ಹೃದಯವನ್ನು ನಿಧಾನಿಸುವ ವೇಗಸ್ ನರವೂ ಮಿದುಳಿನ ಕಾಂಡದಲ್ಲಿ ಕೂಡಿಕೊಂಡಿರುವುದೇ ಕಾರಣ, 1908ರಿಂದಲೇ ಇದು ವೈದ್ಯರಿಗೆ ಗೊತ್ತು. ಎಳೆತ ಬಿಟ್ಟೊಡನೆ ಬಡಿತ ಮೊದಲಿನಂತಾಗುತ್ತದೆ, ಆಗದಿದ್ದರೆ ಬಡಿತ ಏರಿಸುವ ಅಟ್ರೋಪಿನ್ ಔಷಧ ಸಿದ್ಧವಿರುತ್ತದೆ ಎಂದರು. ಮೆಳ್ಳೆಗಣ್ಣಿಗೆ ಮೊದಲ ಶಸ್ತ್ರಚಿಕಿತ್ಸೆಯನ್ನು ಬರ್ಲಿನ್ನಿನಲ್ಲಿ ಡೀಫೆನ್‌ಬಾಖ್ ಮಾಡಿದ್ದು 1839ರಲ್ಲಿ, ಈಥರ್ ಅರಿವಳಿಕೆಯ ಪ್ರಸಿದ್ಧ ಪ್ರಯೋಗ ನಡೆದದ್ದು 1846ರಲ್ಲಿ. ನಡುವಿನ ಆ ಏಳು ವರ್ಷಗಳಲ್ಲಿ ಎಚ್ಚರವಾಗಿಯೇ ಕಣ್ಣು ಒಡ್ಡಿದವರನ್ನು ನೆನೆದು ನನಗೆ ಮೈ ಜುಮ್ಮೆಂದಿತು.

ಬೆಳಿಗ್ಗೆ ಹೊಟ್ಟೆ ಖಾಲಿ, ಬಲಹುಬ್ಬಿನ ಮೇಲೆ ಪೆನ್ನಿನ ಗುರುತು, ಕೈಗೆ ಸೂಜಿ. ಎಣಿಸುತ್ತಿರಿ ಎಂದರು, ಅವಿಭಾಜ್ಯ ಸಂಖ್ಯೆಗಳನ್ನು ಹಿಡಿದು ಹೊರಟವನು ಎಲ್ಲಿ ನಿಂತೆನೋ ತಿಳಿಯದು. ಒಳಗೆ ನಡೆದದ್ದನ್ನು ಆಮೇಲೆ ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಕಣ್ಣಿನ ಉಳಿದ ಸ್ನಾಯುಗಳು ಗೂಡಿನ ಹಿಂಭಾಗದ ಆಳದಿಂದ ಹೊರಟರೆ ಇದೊಂದು ಮಾತ್ರ ಮುಂಭಾಗದಲ್ಲಿ, ಮೂಗಿನ ಬದಿಯ ಕೆಳ ಅಂಚಿನಿಂದ ಹೊರಟು, ಕಣ್ಣುಗುಡ್ಡೆಯ ಅಡಿಯಲ್ಲಿ ಹಾಯ್ದು ಹೊರಬದಿಯ ಹಿಂಭಾಗಕ್ಕೆ ಹೋಗಿ ಅಂಟಿಕೊಂಡಿರುತ್ತದೆ. ಆ ಅಂಟನ್ನು ಬಿಡಿಸಿ, ಸ್ನಾಯುವಿನ ತುದಿಯನ್ನು ಮುಂದಕ್ಕೆ ತಂದು, ಕೆಳಗಿನ ನೇರಸ್ನಾಯು ಅಂಟಿರುವ ಜಾಗದ ಹೊರತುದಿಯಿಂದ 3 ಮಿಲಿಮೀಟರು ಹಿಂದಕ್ಕೆ, 2 ಮಿಲಿಮೀಟರು ಹೊರಕ್ಕೆ ಲೆಕ್ಕಹಾಕಿ ಅಲ್ಲಿ ಹೊಲಿದಿದ್ದರು. ಎರಡು ನಿರ್ದೇಶಾಂಕಗಳಿಂದ ಒಂದು ಬಿಂದು. ದೂರ ತಗ್ಗಿದ್ದರಿಂದ ಸ್ನಾಯುವಿನ ಬಿಗಿ ಸಡಿಲುತ್ತದೆ. ಕೆಲವರು ಸ್ನಾಯುವಿನ ತುಂಡನ್ನೇ ಕತ್ತರಿಸಿ ತೆಗೆಯುತ್ತಾರೆ, ಆದರೆ ಮುಂದೆ ಮತ್ತೆ ಕೈಹಾಕಬೇಕಾದರೆ ಸ್ನಾಯು ಹುಡುಕಿದಲ್ಲಿ ಸಿಗಬೇಕೆಂಬುದು ಇವರ ಅಭಿಪ್ರಾಯ. ಮೇಲಿನ ಓರೆಸ್ನಾಯುವಿನ ರಜ್ಜು ಸ್ವಲ್ಪ ಸಡಿಲವಿದ್ದರೂ ಮಡಿಚುವಷ್ಟಿಲ್ಲವೆಂದು ಅದನ್ನು ಬಿಟ್ಟಿದ್ದರು. ಸ್ನಾಯುವನ್ನು ಕೊಕ್ಕೆಗೆ ತೆಗೆದುಕೊಂಡಾಗ ನನ್ನ ನಾಡಿ ನಲವತ್ತರ ಆಸುಪಾಸಿಗೆ ಇಳಿದು, ಬಿಟ್ಟಾಗ ಏರಿತಂತೆ.

ಎಚ್ಚರವಾದಾಗ ನೋವಿಗಿಂತ ವಾಂತಿಯ ಸಂಕಟ ಹೆಚ್ಚಿತ್ತು. ಈ ಶಸ್ತ್ರಚಿಕಿತ್ಸೆಯಲ್ಲಿ ಅದು ಸಾಮಾನ್ಯವೆಂದು ಮೊದಲೇ ಔಷಧ ಕೊಟ್ಟಿದ್ದರೂ ಒಮ್ಮೆ ಆಯಿತು. ಕಣ್ಣೀರಿನಲ್ಲಿ ನಸುಗೆಂಪು ನೀರು ಬರುತ್ತಿತ್ತು, ಕಣ್ಣಾಡಿಸಿದರೆ ಮರಳು ಬಿದ್ದ ಕಿರಿಕಿರಿ, ಬಿಳಿಗುಡ್ಡೆಯ ಕೆಳಭಾಗವೆಲ್ಲ ಕೆಂಪು. ಹೊಲಿಗೆಯ ದಾರ ತಾನಾಗಿಯೇ ಕರಗುವಂಥದ್ದು. ಹನಿಔಷಧ ಬಿಟ್ಟುಕೊಳ್ಳುವುದು, ತಲೆಗೆ ನೀರು ಹಾಕಿಕೊಳ್ಳದಿರುವುದು, ಕಣ್ಣುಜ್ಜದಿರುವುದು ವೈದ್ಯೆಯ ಕಟ್ಟಳೆ. ಬದನೆಕಾಯಿ ನಂಜು, ಕೊಡಬಾರದು ಎಂಬುದು ಅತ್ತೆಯವರ ಕಟ್ಟಳೆ. ಪಥ್ಯವೇನೂ ಇಲ್ಲವೆಂದು ವೈದ್ಯೆ ಹೇಳಿದ್ದನ್ನು ಅತ್ತೆಯವರಿಗೆ ತಿಳಿಸುವ ಧೈರ್ಯವನ್ನು ಮನೆಯಲ್ಲಿ ಯಾರೂ ಮಾಡಲಿಲ್ಲ.

ಮೊದಲ ವಾರ ಎರಡಾಗಿ ಕಾಣುವುದು ಹೋಗಲೇ ಇಲ್ಲ. ಊತ ಇಳಿಯುವ ತನಕ ಅಳತೆಗೆ ಅರ್ಥವಿಲ್ಲವೆಂದು ಹೇಳಿದ್ದರೂ ಮನಸ್ಸು ಕೇಳಬೇಕಲ್ಲ. ಆಮೇಲೆ ಒಂದು ಬೆಳಿಗ್ಗೆ ಪತ್ರಿಕೆಯ ಸಾಲುಗಳು ಕೆಳಗಿನ ತನಕ ಒಂದೊಂದೇ ಇದ್ದವು, ಸಂಜೆಯೂ ಹಾಗೆಯೇ ಉಳಿದವು.

ಕತ್ತು ಮಾತ್ರ ಇದನ್ನು ಬೇಗ ನಂಬಲಿಲ್ಲ. ವಾಲಿಸುವ ಅಗತ್ಯ ಹೋಗಿತ್ತು, ಅಭ್ಯಾಸ ಹೋಗಿರಲಿಲ್ಲ. ನಲವತ್ತು ವರ್ಷ ಮೊಟಕಾಗಿಯೇ ಇದ್ದ ಎಡಬದಿಯ ಸ್ನಾಯು ನೆಟ್ಟಗೆ ಹಿಡಿದರೆ ನೋಯುತ್ತಿತ್ತು. ಫಿಸಿಯೋಥೆರಪಿಯವರು ಕನ್ನಡಿಯ ಮುಂದೆ ಕೂರಿಸಿ ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟರು. ನೆಟ್ಟಗೆ ಕೂತಾಗ ಬಲಕ್ಕೆ ಬಿದ್ದುಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ತರಗತಿಯಲ್ಲಿ ಹುಡುಗನೊಬ್ಬ, "ಸಾರ್, ನೀವು ಉದ್ದ ಆಗಿದ್ದೀರಾ?" ಎಂದು ಕೇಳಿದ.

ಅಂದಿನಿಂದ ತರಗತಿಯಲ್ಲಿ ಕತ್ತು ವಾಲಿಸಿ ಹಲಗೆ ನೋಡುವ ಮಕ್ಕಳ ಮೇಲೆ ನನಗೆ ಕಣ್ಣು. ವೈದ್ಯೆ ಹೇಳಿಕೊಟ್ಟ ಸುಲಭದ ಪರೀಕ್ಷೆಯೊಂದಿದೆ: ಮಗುವಿನ ಒಂದು ಕಣ್ಣನ್ನು ಸ್ವಲ್ಪ ಹೊತ್ತು ಮುಚ್ಚಿಸಿ ನೋಡುವುದು. ಆಗ ಕತ್ತು ತಾನಾಗಿ ನೆಟ್ಟಗಾಗುವುದಾದರೆ ಕಾರಣ ಕಣ್ಣಿನಲ್ಲಿರುವ ಸಂಭವ ಹೆಚ್ಚು, ಕತ್ತಿಗೆ ಎಣ್ಣೆ ನೀವುವ ಮೊದಲು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಕ್ಕಳಲ್ಲಿ ಮೆಳ್ಳೆಗಣ್ಣನ್ನು ದೊಡ್ಡವರಾದ ಮೇಲೆ ನೋಡೋಣವೆಂದು ಮುಂದೂಡುವುದಂತೂ ಸಲ್ಲದು. ಮಿದುಳು ಆ ಕಣ್ಣಿನ ಚಿತ್ರವನ್ನು ಕೈಬಿಟ್ಟು ನೋಟವೇ ಮಂದವಾಗಬಹುದು, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಅದನ್ನು ತಿದ್ದುವ ಚಿಕಿತ್ಸೆ ಚಿಕ್ಕ ವಯಸ್ಸಿನಲ್ಲಿ ಹೆಚ್ಚು ಫಲಿಸುತ್ತದೆ.

ಕಳೆದ ತಪಾಸಣೆಯಲ್ಲಿ ನನ್ನ ಅಂತರ ನೇರ ನೋಟದಲ್ಲಿ 2, ಎಡನೋಟದಲ್ಲಿ 4 ಬಂದಿತು. ಪ್ರೋಗ್ರೆಸ್ಸಿವ್ ಗಾಜಿನ ಬದಲು ಓದಲು ಪ್ರತ್ಯೇಕ ಕನ್ನಡಕ ಬರೆದುಕೊಟ್ಟರು. ಎಡಕ್ಕೆ ತೀರಾ ಮೇಲೆ ನೋಡಿದರೆ ಈಗಲೂ ಎರಡಾಗುತ್ತದೆ, ಗೋಡೆಯ ಗಡಿಯಾರಕ್ಕೆ ಬ್ಯಾಟರಿ ಹಾಕುವಾಗ ಅದು ಗೊತ್ತಾಗುತ್ತದೆ. ಆದರೆ ಮೊದಲು ಬಲಗಣ್ಣಿನ ಚಿತ್ರ ಕೆಳಗಿರುತ್ತಿತ್ತು, ಈಗ ಮೇಲಿರುತ್ತದೆ. ಸಡಿಲಿಸಿದ ಸ್ನಾಯುವಿಗೆ ಆ ಮೂಲೆಯಲ್ಲಿ ಎಳೆಯುವ ಬಲ ಸಾಲದೆಂಬುದೇ ಅದರ ಅರ್ಥ. ಆ ಮೂಲೆಯ ನೋಟ ದಿನಬಳಕೆಗೆ ಬೇಕಾಗುವುದು ಅಪರೂಪವಾದ್ದರಿಂದ ಅದಕ್ಕೇನೂ ಮಾಡಬೇಕಿಲ್ಲವೆಂದು ಹೇಳಿ, ವೈದ್ಯೆ ಮುಂದಿನ ತಪಾಸಣೆಯನ್ನು ಒಂದು ವರ್ಷದ ನಂತರಕ್ಕೆ ಬರೆದಿದ್ದಾರೆ.